ವಂಶವೃಕ್ಷ ಬರೆಸೋಕೆ ಬಂದವರು ಮೊದಲು ಅತ್ತೆಯನ್ನು ಕರೆಸಿ

ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿಯಲ್ಲಿ ಗ್ರಾಮ ಆಡಳಿತ ಅಧಿಕಾರಿ. ವಿಲೇಜ್ ಅಕೌಂಟೆಂಟ್ (ವಿಎ) ಅಂತಿದ್ದ ಹುದ್ದೆಯ ಹೆಸರು ಬದಲಾದರೂ ಊರವರ ಬಾಯಲ್ಲಿ ಇನ್ನೂ 'ವಿಎ ಮೇಡಂ'. ಬೆಳೆ ಸಮೀಕ್ಷೆ, ಜಾತಿ-ಆದಾಯ, ಪಿಂಚಣಿ ಅರ್ಜಿ, ಚುನಾವಣೆ ಅಂತ ನೂರೆಂಟು ಕೆಲಸ. ಅದರಲ್ಲಿ ನನಗೆ ಬೇಸರವೇ ಆಗದ ಕೆಲಸ ಅಂದರೆ ವಂಶವೃಕ್ಷ.

ಕ್ರಮ ಸರಳ. ನಾಡಕಚೇರಿಗೆ ಅರ್ಜಿ ಬರುತ್ತದೆ, ಜೊತೆಗೆ ಛಾಪಾ ಕಾಗದದಲ್ಲಿ ಒಂದು ಅಫಿಡವಿಟ್. ನಾನು ಊರಿಗೆ ಹೋಗಿ ಮನೆಯವರನ್ನೂ ಅಕ್ಕಪಕ್ಕದವರನ್ನೂ ವಿಚಾರಿಸಿ, ಮಹಜರು (ಸ್ಥಳದಲ್ಲೇ ಸಾಕ್ಷಿಗಳ ಮುಂದೆ ಬರೆಯುವ ಹೇಳಿಕೆ) ಬರೆದು ವರದಿ ಕೊಡಬೇಕು. ಆರ್‌ಐ (ಕಂದಾಯ ನಿರೀಕ್ಷಕರು) ನೋಡುತ್ತಾರೆ, ಉಪ ತಹಶೀಲ್ದಾರರು ಸಹಿ ಹಾಕುತ್ತಾರೆ. ಕಾಗದದಲ್ಲಿ ಇರೋದು ಹೆಸರು, ಸಂಬಂಧ, ವಯಸ್ಸು, ಬದುಕಿದ್ದಾರೋ ಇಲ್ಲವೋ. ಅಷ್ಟೇ.

ಹಿರಿಯರ ಮೇಲಿನ ಪ್ರೀತಿಗೆ ಅಂತ ಈ ಕಾಗದ ಕೇಳೋಕೆ ಯಾರೂ ಬರುವುದಿಲ್ಲ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇರುತ್ತದೆ, ಬ್ಯಾಂಕಿನವರು ಸಾಲ ಕೊಡೋಲ್ಲ ಅಂತಾರೆ, ಆಗ ಪೌತಿ ಖಾತೆಗೆ, ಅಂದರೆ ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸೋಕೆ, ಓಡಿ ಬರುತ್ತಾರೆ. ಇ-ಪೌತಿ ಆಂದೋಲನ ಶುರುವಾದ ಮೇಲೆ ಇದು ಇನ್ನೂ ಜಾಸ್ತಿ. ಆಸ್ತಿಗಾಗಿ ಬರೆದ ವಂಶವೃಕ್ಷದಲ್ಲಿ ಯಾರು ಇದ್ದಾರೆ ಅನ್ನೋದಕ್ಕಿಂತ ಯಾರು ಇಲ್ಲ ಅನ್ನೋದನ್ನೇ ಮೊದಲು ಹುಡುಕಬೇಕು. ಹೆಣ್ಣುಮಕ್ಕಳು ಇರುವುದಿಲ್ಲ. ಮೊದಲ ಹೆಂಡತಿ ಇರುವುದಿಲ್ಲ. ಮದುವೆಯಾಗದೆ ಸತ್ತ ಚಿಕ್ಕಪ್ಪ ಇರುವುದಿಲ್ಲ. ಊರು ಬಿಟ್ಟು ಹೋದವನಂತೂ ಹುಟ್ಟೇ ಇಲ್ಲ ಅನ್ನೋ ಥರ.

"ಅಕ್ಕ ಹಕ್ಕು ಬಿಟ್ಕೊಟ್ಟಿದಾರೆ ಮೇಡಂ, ಅವ್ರ ಹೆಸರು ಯಾಕೆ?" ಅಂತ ಕೇಳುತ್ತಾರೆ. ಹಕ್ಕು ಬಿಟ್ಟರೆ ಅದಕ್ಕೆ ಬೇರೆ ಪತ್ರ ಇದೆ, ಹುಟ್ಟಿದ್ದನ್ನು ಬಿಡೋಕೆ ಯಾವ ಪತ್ರವೂ ಇಲ್ಲ ಅಂತ ನಾನು ಹೇಳುತ್ತೇನೆ. ಕಾನೂನೂ ಸ್ಪಷ್ಟವಾಗಿದೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತ್ತು. ಆದರೆ ಅದಕ್ಕೂ ಮುಂಚೆ ಮದುವೆಯಾದವರು ಅದರಿಂದ ಹೊರಗುಳಿದಿದ್ದರು. 2005ರ ಕೇಂದ್ರ ತಿದ್ದುಪಡಿಯಲ್ಲಿ ಮದುವೆಯ ಆ ಅಡ್ಡಿ ಹೋಯಿತು. ಅದು ಜಾರಿಗೆ ಬಂದ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟಾದರೂ ಅಫಿಡವಿಟ್ಟಿನಲ್ಲಿ ಗಂಡುಮಕ್ಕಳ ಹೆಸರಷ್ಟೇ ತಂದು ಕೊಡುವವರು ಈಗಲೂ ಇದ್ದಾರೆ.

ಈ ಕೆಲಸ ನನಗೆ ಕಲಿಸಿದ್ದು ಅದಕ್ಕಿಂತ ಮುಂದಿನದು. ಹೆಸರು ಬಿಟ್ಟುಹೋದ ಆ ಹೆಣ್ಣುಮಕ್ಕಳ ಹತ್ತಿರವೇ ಮನೆಯ ಪೂರ್ತಿ ಕಥೆ ಇರುತ್ತದೆ. ಮನೆಯ ಯಜಮಾನನಿಗೆ ಗೊತ್ತಿರದೇ ಇದ್ದದ್ದು, ಮದುವೆಯಾಗಿ ಬೇರೆ ಊರಿಗೆ ಹೋದ ಹಿರಿ ಮಗಳಿಗೆ ಗೊತ್ತಿರುತ್ತದೆ.

ಒಂದು ಮನೆಯಲ್ಲಿ ಜಗಲಿ ಮೇಲೆ ಕೂತು ಬರೆದುಕೊಳ್ಳುತ್ತಿದ್ದೆ. ಯಜಮಾನರು ಎಣಿಸಿ ಹೇಳಿದರು, ನಮ್ಮಪ್ಪನೋರು ಅಣ್ಣತಮ್ಮಂದಿರು ಇಬ್ರು. ಪಕ್ಕದ ಮನೆಯವರೂ ಹೌದು ಅಂದರು. ನಡುಮನೆಯಲ್ಲಿ ಅವರ ಸೋದರತ್ತೆ ಹುಣಸೆಹಣ್ಣಿನ ರಾಶಿ ಮುಂದೆ ಕೂತು ಬೀಜ ಬಿಡಿಸುತ್ತಿದ್ದರು. ಜಾತ್ರೆಗೆ ಅಂತ ತವರಿಗೆ ಬಂದವರು. ಅಲ್ಲಿಂದಲೇ ಕೂಗಿದರು, "ಮೂರು ಜನ ಕಣೋ. ದೊಡ್ಡೋನು ಘಟ್ಟಕ್ಕೆ ಹೋದೋನು ತಿರುಗಿ ಬರ್ಲಿಲ್ಲ. ನಿಂಗೇನು ಗೊತ್ತು, ನೀನಿನ್ನೂ ಹುಟ್ಟಿರ್ಲಿಲ್ಲ." ಘಟ್ಟ ಅಂದರೆ ಚಿಕ್ಕಮಗಳೂರು ಕಡೆ ಕಾಫಿ ತೋಟ. ನಮ್ಮ ಬಯಲುಸೀಮೆಯಿಂದ ಮಳೆ ಕೈಕೊಟ್ಟ ವರ್ಷ ಕೂಲಿಗೆ ಅಲ್ಲಿಗೆ ಹೋಗುತ್ತಿದ್ದವರು ಬಹಳ. ನಾನು ಪುಸ್ತಕ ಹಿಡಿದು ಒಳಗೆ ಹೋಗಿ ಅಜ್ಜಿ ಪಕ್ಕ ಕೂತೆ. ದೊಡ್ಡವನ ಹೆಂಡತಿಯ ಹೆಸರು, ಅವಳ ತವರು, ಕಂಕುಳಲ್ಲಿ ಎತ್ತಿಕೊಂಡು ಹೋದ ಹೆಣ್ಣುಮಗು, ಆ ಮಗುವನ್ನು ಮುಂದೆ ಕೊಟ್ಟ ಊರು, ಎಲ್ಲಾ ಬೀಜ ಬಿದ್ದ ಹಾಗೆ ಒಂದೊಂದಾಗಿ ಬಂತು. ಯಜಮಾನರ ಮುಖ ಸ್ವಲ್ಪ ಇಳಿಯಿತು, ಪಾಲು ಇನ್ನೊಂದಾಯಿತಲ್ಲ. ಅಜ್ಜಿಗೆ ಅದರ ಯೋಚನೆಯೇ ಇರಲಿಲ್ಲ. "ಬರ್ಕೋ ತಾಯಿ, ಅವ್ಳೂ ನಮ್ಮನೆ ಕೂಸೇ ಅಲ್ವಾ" ಅಂದರು.

ಇವರಿಗೇ ಯಾಕೆ ಇಷ್ಟು ನೆನಪು? ಗಂಡುಮಕ್ಕಳು ಅದೇ ಮನೆಯಲ್ಲಿ ದಿನಾ ಇರುತ್ತಾರೆ, ಅವರಿಗೆ ಒಂದು ದಿನಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣೋಲ್ಲ. ಮಗಳು ತವರಿಗೆ ಬರುವುದು ಲೆಕ್ಕದ ಸಲ. ನಾಮಕರಣ, ಮದುವೆ, ತಿಥಿ, ಹಬ್ಬ. ಪ್ರತಿ ಸಲಕ್ಕೂ ಒಂದು ಗುರುತು ಇರುತ್ತದೆ. "ನನ್ನ ಎರಡನೇ ಬಾಣಂತನಕ್ಕೆ ಬಂದಾಗ ಇವನು ತೊಟ್ಟಿಲಲ್ಲಿದ್ದ" ಅನ್ನುತ್ತಾರೆ. ಆ ಎರಡನೇ ಮಗುವಿನ ಶಾಲಾ ದಾಖಲೆ ಸಿಕ್ಕರೆ ಇವನ ವಯಸ್ಸೂ ಹೆಚ್ಚುಕಡಿಮೆ ಸಿಕ್ಕ ಹಾಗೆ.

ಹೆಚ್ಚುಕಡಿಮೆ ಅಂದೆ, ಯಾಕೆಂದರೆ ಶಾಲಾ ದಾಖಲೆಯನ್ನು ಪೂರ್ತಿ ನಂಬೋ ಹಾಗಿಲ್ಲ. ಹಳಬರಲ್ಲಿ ಎಷ್ಟು ಜನ ಜೂನ್ 1ರಂದೇ ಹುಟ್ಟಿದ್ದಾರೆ ನೋಡಿ! ಶಾಲೆಗೆ ಸೇರಿಸುವಾಗ ವಯಸ್ಸು ಸರಿಹೋಗಲಿ ಅಂತ ಮೇಷ್ಟ್ರು ಬರೆದ ತಾರೀಖು ಅದು. ಅಜ್ಜಿಯಂದಿರು ಹೇಳುವ ಸಂವತ್ಸರ ಅದಕ್ಕಿಂತ ವಾಸಿ, ಆದರೆ ಅಲ್ಲೂ ಅರವತ್ತು ವರ್ಷದ ಸುತ್ತು ನೆನಪಿರಬೇಕು. 'ಧಾತು' ಅಂದರೆ ದೊಡ್ಡ ಬರ ಬಿದ್ದ 1876 ಇರಬಹುದು, 1936 ಇರಬಹುದು. ಯಾರ ಮಾತು ಬಂದಿದೆ ಅಂತ ನೋಡಿ ತೀರ್ಮಾನ ಮಾಡಬೇಕು. ಬದುಕಿರುವವರ ಮಾತಾದರೆ ಅದು 1936ರ ಧಾತುವೇ. ಸ್ವಾತಂತ್ರ್ಯ ಬಂದಾಗ ಹೊಟ್ಟೆಯಲ್ಲಿದ್ದ, ಗಾಂಧಿ ಸತ್ತಾಗ ನಡೀತಿದ್ದ, ನೆಹರು ಹೋದ ವರ್ಷ ಮದುವೆ, ಇಂಥವೂ ಒಳ್ಳೇ ಗುರುತುಗಳೇ.

ಹೆಸರುಗಳದ್ದು ಇನ್ನೊಂದು ತಲೆನೋವು. ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮಲ್ಲಿ ವಾಡಿಕೆ. ಹಾಗಾಗಿ ರಂಗಪ್ಪ ಬಿನ್ ಸಿದ್ದಪ್ಪ (ಅಂದರೆ ಸಿದ್ದಪ್ಪನ ಮಗ ರಂಗಪ್ಪ), ಸಿದ್ದಪ್ಪ ಬಿನ್ ರಂಗಪ್ಪ, ಮತ್ತೆ ರಂಗಪ್ಪ ಬಿನ್ ಸಿದ್ದಪ್ಪ. ಮೂರು ತಲೆಮಾರು ಪಹಣಿಯಲ್ಲಿ ಇಬ್ಬರೇ ಇದ್ದ ಹಾಗೆ ಕಾಣುತ್ತದೆ. ಮೇಲಿಂದ ಒಂದು 'ಯಾನೆ' ಬೇರೆ, ದಾಖಲೆಯಲ್ಲಿ ಒಂದು ಹೆಸರು, ಊರಲ್ಲಿ ಕರೆಯೋದು ಇನ್ನೊಂದು. ಬಿಡಿಸೋಕೆ ನಾನು ಕಂಡುಕೊಂಡ ಉಪಾಯ ಒಂದೇ, ಪ್ರತಿ ಹೆಸರಿನ ಪಕ್ಕದಲ್ಲಿ ತಾಯಿಯ ಹೆಸರು ಮತ್ತು ತಾಯಿಯ ಊರು ಬರೆದುಕೊಳ್ಳುವುದು. ಎರಡು ತಲೆಮಾರಿನ ಸೊಸೆಯಂದಿರು ಒಂದೇ ಹೆಸರಿನವರು, ಒಂದೇ ಊರಿನವರು ಆಗಿರೋದು ತೀರಾ ಅಪರೂಪ. ನಮ್ಮ ಕಚೇರಿಯ ನಮೂನೆಯಲ್ಲಿ ಇದಕ್ಕೆ ಜಾಗ ಇಲ್ಲ. ನನ್ನ ಸ್ವಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ನಿಮ್ಮ ಮನೆಗೆ ನೀವೇ ಬರೆಯುವುದಾದರೆ ಜಾಗಕ್ಕೇನು ಬರ?

ಕಾಗದಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಪಾಲುಪಟ್ಟಿ. ನೋಂದಣಿ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಸಿಗುತ್ತದೆ, ಆಗದೇ ಇದ್ದದ್ದು ಯಾರದೋ ಟ್ರಂಕಿನಲ್ಲಿರುತ್ತದೆ. ಜನ ಅದರಲ್ಲಿ ಎಕರೆ-ಗುಂಟೆ ಮಾತ್ರ ನೋಡಿ ಮಡಚಿಡುತ್ತಾರೆ. ಕೆಳಗೆ ಓದಬೇಕು. ಒಂದರಲ್ಲಿ ಬಾವಿ ನೀರಿಗೆ ಸರದಿ ಹಾಕಿದ್ದರು, ಯಾರಿಗೆ ಯಾವ ದಿನ ಅಂತ. ತಾಮ್ರದ ಹಂಡೆ ಹಿರಿಯವನಿಗೆ, ಗಾಡಿ ಕಿರಿಯವನಿಗೆ. ಹಿತ್ತಲಿನ ಎರಡು ತೆಂಗಿನ ಮರ ತಾಯಿ ಬದುಕಿರುವ ತನಕ ತಾಯಿಗೆ, ಕಾಯಿ ಕೀಳಿಸುವ ಖರ್ಚು ಮಕ್ಕಳದ್ದು. ಸಾಕ್ಷಿ ಹಾಕಿದವರಲ್ಲಿ ಒಬ್ಬರು ಹೆಣ್ಣು ಕೊಟ್ಟ ಮನೆಯವರು. ಆ ಮನೆ ಹೇಗಿತ್ತು, ಯಾರಿಗೆ ಯಾರ ಮೇಲೆ ನಂಬಿಕೆ ಇರಲಿಲ್ಲ, ಎಲ್ಲಾ ಅದರಲ್ಲೇ ಇದೆ. ಸುಮ್ನೆ ವಂಶವೃಕ್ಷ ಬರೆದಿಟ್ಟರೆ ಇದು ಯಾವುದೂ ಸಿಗೋಲ್ಲ.

ಪಹಣಿಯ ಹಿಸ್ಸಾ (ಸರ್ವೆ ನಂಬರಿನ ಪಾಲು) ನಂಬರುಗಳನ್ನೂ ಹೀಗೇ ಓದಬಹುದು. 45 ಇದ್ದದ್ದು 45/1, 45/2 ಆಯಿತು ಅಂದರೆ, ಕ್ರಯಕ್ಕೆ ಹೋಗಿಲ್ಲ ಅಂದುಕೊಂಡರೆ, ಅಲ್ಲಿ ಅಣ್ಣತಮ್ಮಂದಿರು ಬೇರೆಯಾದರು. 45/2ಎ, 45/2ಬಿ ಬಂದರೆ ಎರಡನೆಯವನ ಮಕ್ಕಳು. ಯಾವ ವರ್ಷ ಅನ್ನೋದು ಮ್ಯುಟೇಶನ್ (ಹಕ್ಕು ಬದಲಾವಣೆ) ರಿಜಿಸ್ಟರಿನಲ್ಲಿ ಸಿಗುತ್ತದೆ. ಗೇಣಿ ಮಾಡುತ್ತಿದ್ದ ಮನೆಯವರಾದರೆ 1974ರ ಭೂಸುಧಾರಣೆ ಆದಮೇಲೆ ಹಾಕಿದ ಫಾರಂ 7 (ಉಳುವವರು ಜಮೀನಿನ ಹಕ್ಕು ಕೇಳಿ ಕೊಟ್ಟ ಅರ್ಜಿ) ಕಡತ ಹುಡುಕಿಸಿ. ಭೂ ನ್ಯಾಯಮಂಡಳಿ ಮುಂದೆ ನಿಮ್ಮ ತಾತ ಹೇಳಿಕೆ ಕೊಟ್ಟಿದ್ದರೆ, ಎಷ್ಟು ವರ್ಷದಿಂದ ಉಳುತ್ತಿದ್ದರು, ಅದಕ್ಕೆ ಮೊದಲು ಯಾರು ಉಳುತ್ತಿದ್ದರು ಅನ್ನೋದು ಅವರ ಮಾತಲ್ಲೇ ಇರುತ್ತದೆ, ಕೆಳಗೆ ಹೆಬ್ಬೆಟ್ಟು. ಅಕ್ಷರ ಬಾರದ ಮನೆಗಳಿಗೆ ಹಿರಿಯರ ಮಾತು ಬರಹದಲ್ಲಿ ಸಿಗುವುದು ಇಂಥ ಕಡೆ ಮಾತ್ರ.

ಹಳೇ ಕಾಲದಲ್ಲಿ ಊರಿನ ಲೆಕ್ಕ ಶಾನುಭೋಗರ ಮನೆಯಲ್ಲಿರುತ್ತಿತ್ತು. ವಂಶಪಾರಂಪರ್ಯದ ಆ ಹುದ್ದೆಗಳು 1963ರಲ್ಲಿ ರದ್ದಾದವು. ಕೆಲವು ಮನೆಗಳ ಅಟ್ಟದ ಮೇಲೆ ಕಪ್ಪು ಬಟ್ಟೆಯ ಕಡತ ಈಗಲೂ ಇದೆ, ಬಳಪದಲ್ಲಿ ಬರೆದದ್ದು. ಒದ್ದೆ ಕೈಯಲ್ಲಿ ಮುಟ್ಟಿದರೆ ಹೋಯಿತು.

ಹೆಳವರ ಮಾತು ಹೇಳದೆ ಈ ವಿಷಯ ಮುಗಿಸುವ ಹಾಗಿಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು, ಬಾಗಿಲಲ್ಲಿ ನಿಂತು ಆ ಮನೆಯ ಮೂಲಪುರುಷನಿಂದ ಹಿಡಿದು ಹೇಳುತ್ತಿದ್ದವರು ಅವರು. ಯಾವ ಮನೆತನ ಯಾವ ಊರಿಂದ ಎದ್ದು ಬಂತು, ಯಾಕೆ ಬಂತು, ಎಷ್ಟು ಕವಲಾಯಿತು ಅನ್ನೋದು ಅವರ ಹೊತ್ತಿಗೆಯಲ್ಲಿರುತ್ತದೆ. ಒಬ್ಬೊಬ್ಬ ಹೆಳವರಿಗೂ ಇಂತಿಂಥ ಮನೆಗಳು ಅಂತ ಗೊತ್ತು ಮಾಡಿರುತ್ತಾರೆ. ಈಗ ಅವರ ಮಕ್ಕಳೂ ಓದಿ ಬೇರೆ ಕೆಲಸ ಹಿಡಿದಿದ್ದಾರೆ, ಅದು ಸರಿಯೇ. ನಿಮ್ಮ ಮನೆಗೆ ಬರುವ ಹೆಳವರು ಇನ್ನೂ ಇದ್ದರೆ ಈ ವರ್ಷವೇ ಕೂರಿಸಿ, ಊಟ ಹಾಕಿ, ಕೊಡಬೇಕಾದ್ದನ್ನು ಕೊಟ್ಟು, ಅವರು ಒಪ್ಪಿದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹೊತ್ತಿಗೆಯ ಫೋಟೋ ಕೇಳಬೇಡಿ. ಅದು ಅವರ ಅನ್ನ.

ಕಾಗದ ಕಾಪಾಡುವ ಬಗ್ಗೆ ಎರಡು ಮಾತು. ಹಳೇ ಪತ್ರವನ್ನು ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಶಾಯಿ ಹಾಳಾಗಬಹುದು, ಮತ್ತೆ ಬಿಚ್ಚೋಕೆ ಹೋದರೆ ಕಾಗದವೇ ಕಿತ್ತು ಬರುತ್ತದೆ. ಹರಿದ ಕಡೆ ಸೆಲ್ಲೋ ಟೇಪೂ ಬೇಡ, ಕೆಲವು ವರ್ಷಕ್ಕೆ ಅದು ಹಳದಿ ಅಂಟಾಗಿ ಅಕ್ಷರ ನುಂಗುತ್ತದೆ. ನೆರಳಿನ ಬೆಳಕಲ್ಲಿ ಎರಡೂ ಬದಿ ಫೋಟೋ ತೆಗೆದು, ಮಡಿಕೆ ಬಿಡಿಸಿ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ ಗೋಡೆಗೆ ತಾಗದ ಹಾಗೆ ಇಡಿ. ಫೋಟೋಗಳನ್ನು ಅತ್ತೆಯಂದಿರ ಮನೆಗೂ ಕಳಿಸಿ.

ಇನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ 'ಭೂಮಿ' ತಂತ್ರಾಂಶ ಬರುವುದಕ್ಕೆ ಮುಂಚಿನ ಕೈಬರಹದ ಪಹಣಿಗಳು, ಹಳೇ ಮ್ಯುಟೇಶನ್ನುಗಳು ಅಲ್ಲಿವೆ. ಭೂಸುರಕ್ಷಾ ಯೋಜನೆಯಲ್ಲಿ ಈಗ ಅವುಗಳ ಸ್ಕ್ಯಾನಿಂಗ್ ನಡೆದಿದೆ. ನಕಲಿಗೆ ಅರ್ಜಿ ಕೊಡುವವರು ಸಾಮಾನ್ಯವಾಗಿ ಮುತ್ತಾತನ ಹೆಸರು ಬರೆದು ಕೊಟ್ಟು, ಸಿಗಲಿಲ್ಲ ಅಂತ ವಾಪಸ್ ಹೋಗುತ್ತಾರೆ. ಅಲ್ಲಿ ಯಾವುದನ್ನೂ ಮನುಷ್ಯರ ಹೆಸರಿನ ಮೇಲೆ ಜೋಡಿಸಿಟ್ಟಿಲ್ಲ. ಊರು, ಸರ್ವೆ ನಂಬರ್, ಯಾವ ಸಾಲಿನಿಂದ ಯಾವ ಸಾಲಿನವರೆಗೆ ಅಂತ ಬರೆಯಿರಿ. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಹೊಲದ ಹೆಸರು ಹಿಡಿದುಕೊಂಡು ನಿಮ್ಮ ವಿಎ ಹತ್ತಿರ ಬನ್ನಿ. ಸೋಮವಾರ ಮಾತ್ರ ಬೇಡ, ಅವತ್ತು ಕಚೇರಿಯಲ್ಲಿ ಕಾಲಿಡೋಕೆ ಜಾಗ ಇರೋಲ್ಲ.