ಅರ್ಧ ಬೆಲೆಯ ಗಿಡ, ಸಿದ್ದಾಪುರದ ಗಿಡ: ನನ್ನ ತಾರಸಿಯ ಆರು ತಿಂಗಳ ಲೆಕ್ಕ

ಫೆಬ್ರವರಿ 18

ಬೇಳೆ, ಸೋಪು ತರಲು ಹೋದವಳು ಐದು ಗಿಡ ಹೊತ್ತು ಬಂದೆ. ಸೂಪರ್‌ಮಾರ್ಕೆಟ್‌ನಲ್ಲಿ ಬಿಸ್ಕತ್ತಿನ ರ‍್ಯಾಕ್ ಪಕ್ಕ, ಎಸಿ ಗಾಳಿಗೆ ನೇರವಾಗಿ, ‘ಶೇ 50 ರಿಯಾಯಿತಿ’ ಚೀಟಿ ಅಂಟಿಸಿಕೊಂಡು ನಿಂತಿದ್ದವು. ಪೀಸ್ ಲಿಲಿ 149, ಸ್ನೇಕ್ ಪ್ಲಾಂಟ್ 125, ಕಲಾಥಿಯಾ 199, ಹೂ ಮುಗಿದ ಸೇವಂತಿಗೆ ಎರಡು, ತಲಾ 49. ಒಟ್ಟು 571 ರೂಪಾಯಿ. ಅತ್ತೆ ನೋಡಿ, “ಸಾಯೋ ಗಿಡಕ್ಕೂ ದುಡ್ಡು ತಗೋತಾರಾ?” ಅಂದರು.

ಆ ಮಾತು ಚುಚ್ಚಿತು. ಅದಕ್ಕೇ ಈ ಲೆಕ್ಕ. ಇದೇ ಐದು ಗಿಡ ನರ್ಸರಿಯಿಂದಲೂ ತರುತ್ತೇನೆ. ತಾರಸಿಯಲ್ಲಿ ಅಕ್ಕಪಕ್ಕ ಇಡುತ್ತೇನೆ. ಆಗಸ್ಟ್‌ವರೆಗೆ ಖರ್ಚೆಲ್ಲ ಬರೆದಿಡುತ್ತೇನೆ.

ಫೆಬ್ರವರಿ 23

ಲಾಲ್‌ಬಾಗ್ ಪಕ್ಕದ ಸಿದ್ದಾಪುರಕ್ಕೆ ಹೋದೆ. ಅಲ್ಲಿ ಒಂದು ನರ್ಸರಿ ಮುಗಿಯುವಷ್ಟರಲ್ಲಿ ಇನ್ನೊಂದು. ಬೇಡದ್ದನ್ನು ಕೊಳ್ಳದೆ ಹೊರಗೆ ಬರುವುದೇ ಕಷ್ಟ. ಚೌಕಾಸಿ ಮಾಡಿ ಐದು ಗಿಡಕ್ಕೆ 700 ಕೊಟ್ಟೆ. ಅಂಗಡಿಯ ಅರ್ಧ ಬೆಲೆಗೂ ಇಲ್ಲಿಯ ಪೂರ್ತಿ ಬೆಲೆಗೂ ವ್ಯತ್ಯಾಸ ಬರೀ 129 ರೂಪಾಯಿ! ಅಂದರೆ ಅಲ್ಲಿ ಚೀಟಿ ಅಂಟಿಸುವ ಮೊದಲಿದ್ದ ಬೆಲೆಯೇ ಜಾಸ್ತಿ, ಅಲ್ವಾ?

ದುಡ್ಡು ಎಣಿಸಿಕೊಂಡ ಮೇಲೆ ನರ್ಸರಿಯವರು ಕನಕಾಂಬರದ ಎರಡು ಕಡ್ಡಿ ಮುರಿದು ಕೈಗಿತ್ತರು. ಕೊಸರು. ಸೂಪರ್‌ಮಾರ್ಕೆಟ್ಟಿನ ಬಿಲ್ಲಿಂಗ್ ಹುಡುಗನ ಹತ್ತಿರ ಒಮ್ಮೆ ಕೊಸರು ಕೇಳಿ ನೋಡಬೇಕು, ಏನಂತಾನೋ.

ಮಾರ್ಚ್ 1

ಇವತ್ತು ಹತ್ತೂ ಗಿಡಗಳನ್ನು ಕುಂಡದಿಂದ ಬಿಡಿಸಿದೆ. ಬೆಳಿಗ್ಗೆ ಕೂತವಳು ಎದ್ದಾಗ ಮಧ್ಯಾಹ್ನ.

ಅಂಗಡಿಯ ಗಿಡಗಳು ಹತ್ತಿಯಷ್ಟು ಹಗುರ. ಒಳಗಿರುವುದು ಪೂರ್ತಿ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಅದೂ ಒಣಗಿ ಬೆಂಡಾಗಿದೆ. ಹೀಗೆ ಒಣಗಿದರೆ ಅದು ಬೇಗ ನೀರು ಹೀರುವುದಿಲ್ಲ. ಮೇಲಿಂದ ಸುರಿದದ್ದು ಅಂಚಿನಲ್ಲಿ ಜಾರಿ ಕೆಳಗಿನ ತೂತಿನಿಂದ ಹೊರಗೆ. ನಾವು ನೀರು ಹಾಕಿದೆವು ಅಂದುಕೊಳ್ಳುತ್ತೇವೆ, ಬೇರಿಗೆ ಮಾತ್ರ ಒಂದು ಹನಿಯೂ ಸಿಕ್ಕಿರುವುದಿಲ್ಲ. ಬಕೆಟ್‌ನಲ್ಲಿ ಅರ್ಧ ಗಂಟೆ, ಗುಳ್ಳೆ ಏಳುವುದು ನಿಲ್ಲುವ ತನಕ, ಮುಳುಗಿಸಿಟ್ಟೆ. ಕಲಾಥಿಯಾದ ಬೇರಿನ ನಡುವೆ ಒಂದು ಸಣ್ಣ ಜಾಲರಿ ಚೀಲ ಸಿಕ್ಕಿತು. ಸಸಿ ಮಾಡುವಾಗ ಹಾಕಿದ್ದು, ಯಾರೂ ತೆಗೆದಿಲ್ಲ. ಕತ್ತರಿಯಿಂದ ಬಿಡಿಸುವಾಗ ಅರ್ಧ ಬೇರು ಹರಿಯಿತು.

ಪೀಸ್ ಲಿಲಿಯ ದಂಟಿನ ಸಂದಿಯಲ್ಲಿ ಬಿಳಿ ಹತ್ತಿಯ ಹಾಗೆ ಏನೋ ಇತ್ತು. ಹಿಟ್ಟು ತಿಗಣೆ, ಗಿಡದ ರಸ ಹೀರುವ ಕೀಟ! ಗಿಡವನ್ನು ಬಚ್ಚಲಿನ ಕಿಟಕಿಗೆ ಕಳಿಸಿದೆ. ವಾರಕ್ಕೊಮ್ಮೆ, ಸಂಜೆ ಹೊತ್ತು, ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ನಾಲ್ಕು ಹನಿ ಸೋಪು.

ಇನ್ನು ಸಿದ್ದಾಪುರದ ಗಿಡಗಳು. ಇವುಗಳ ಬುಡದಲ್ಲಿ ಅಂಟು ಜೇಡಿಮಣ್ಣಿನ ಉಂಡೆ, ಕಲ್ಲಿನ ಹಾಗೆ. ಇದು ನಮ್ಮ ಕೆಂಪು ಮಣ್ಣಲ್ಲವಲ್ಲ ಅಂತ ನರ್ಸರಿಗೆ ಫೋನ್ ಮಾಡಿದೆ. “ಸೇವಂತಿಗೆ ಇಲ್ಲೇ ಮಾಡಿದ್ದು ಮೇಡಂ. ಉಳಿದದ್ದೆಲ್ಲ ಕಡಿಯಂ ಮಾಲು, ಲಾರೀಲಿ ಬರುತ್ತೆ,” ಅಂದರು. ಕಡಿಯಂ ಇರುವುದು ಆಂಧ್ರದಲ್ಲಿ, ರಾಜಮಹೇಂದ್ರಿಯ ಹತ್ತಿರ, ಗೋದಾವರಿ ಸೀಮೆಯಲ್ಲಿ. ಆ ಊರಿನ ಕಸುಬೇ ನರ್ಸರಿ. ಜೇಡಿಮಣ್ಣು ಇದ್ದರೆ ಲಾರಿಯಲ್ಲಿ ಎಷ್ಟು ಕುಲುಕಿದರೂ ಬೇರು ಕದಲುವುದಿಲ್ಲ. ಆದರೆ ನಮ್ಮ ಕುಂಡದಲ್ಲಿ ಅದು ಒಣಗಿದರೆ ಇಟ್ಟಿಗೆ. ನೀರು ಪಕ್ಕದ ಸಡಿಲ ಮಣ್ಣಿನಲ್ಲಿ ಇಳಿದುಹೋಗುತ್ತದೆ. ಕೋಕೋಪೀಟಿನ ಕಥೆಯೇ ಇಲ್ಲೂ, ವೇಷ ಬೇರೆ ಅಷ್ಟೆ.

ನಾನು ‘ಲೋಕಲ್’ ಅಂತ ಬೀಗಿದ್ದು ಸ್ವಲ್ಪ ಇಳಿಯಿತು. ಉಂಡೆಯನ್ನು ನೀರಲ್ಲಿ ನೆನೆಸಿ, ಹೊರಗಿನ ಮಣ್ಣನ್ನು ಬೆರಳಿಂದ ಮೆಲ್ಲಗೆ ಸಡಿಲಿಸಿ, ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಮರಳಿನ ಜೊತೆ ನೆಟ್ಟೆ.

ಏಪ್ರಿಲ್ 20

ಅಂಗಡಿಯ ಕಲಾಥಿಯಾ ಹೋಯಿತು. ನರ್ಸರಿಯದ್ದರ ಎಲೆಯಂಚೂ ಸುಟ್ಟಿದೆ. ನೆರಳು, ತಂಪು ಬೇಡುವ ಕಲಾಥಿಯಾವನ್ನು ಬೆಂಗಳೂರಿನ ಏಪ್ರಿಲ್‌ನಲ್ಲಿ ತಾರಸಿಯಲ್ಲಿಟ್ಟ ನನಗೇ ಬೈಯಬೇಕು. ಹಸಿರು ನೆರಳು ಬಲೆ ಕಟ್ಟಿದ್ದು ಏನೂ ಸಾಲಲಿಲ್ಲ.

ಮೇ 11

ತಾರಸಿಯಲ್ಲಿ ಮೊದಲಿಂದಲೂ ಇರುವ ದಾಸವಾಳದ ಮೇಲೆ ಇರುವೆ ಸಾಲು. ಎದೆ ಧಸಕ್ಕೆಂದಿತು. ಹಿಟ್ಟು ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ದನ ಕಾಯುವಂತೆ ಕಾಯುತ್ತವೆ. ಎಲೆ ತಿರುಗಿಸಿ ನೋಡಿದರೆ ಇದ್ದೇ ಇತ್ತು. ಪೀಸ್ ಲಿಲಿ ಈಗ ಚೆನ್ನಾಗಿದೆ ಅಂತ ಏಪ್ರಿಲ್‌ನಲ್ಲಿ ನಾನೇ ಅದನ್ನು ತಾರಸಿಗೆ ತಂದಿದ್ದೆ. ಎಂಟು ವರ್ಷದ ದಾಸವಾಳ!

ಒಂದು ಕೊಂಬೆಯನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಸಿದ್ದಾಪುರಕ್ಕೆ ಒಯ್ದೆ. ನರ್ಸರಿಯವರು ಕವರು ಬಿಚ್ಚಲೂ ಬಿಡಲಿಲ್ಲ. “ಒಳಗೆ ತರಬೇಡಿ ಮೇಡಂ, ಅಲ್ಲೇ ಇರಲಿ! ಎಣ್ಣೆ ಆಮೇಲೆ. ಮೊದಲು ಹಿಡಿದ ತುದಿಯೆಲ್ಲ ಕತ್ತರಿಸಿ, ಪೈಪಿನಲ್ಲಿ ಜೋರಾಗಿ ನೀರು ಬಿಡಿ. ಇರುವೆ ಹತ್ತೋದನ್ನ ನಿಲ್ಲಿಸಿ,” ಅಂದರು. ಏನನ್ನೂ ಮಾರಲಿಲ್ಲ. ಬೇವಿನ ಎಣ್ಣೆ ಮನೆಯಲ್ಲಿದೆ ಅಂದಾಗ ಸಾಕು ಅಂದರು.

ಜುಲೈ 6

ಮಳೆ. ಸ್ನೇಕ್ ಪ್ಲಾಂಟ್ ಎರಡರಲ್ಲೂ ಏನೂ ವ್ಯತ್ಯಾಸವಿಲ್ಲ. ಅದನ್ನು ಎಲ್ಲಿಂದ ತಂದರೂ ಬದುಕುತ್ತದೆ.

ನರ್ಸರಿಯ ಒಂದು ಸೇವಂತಿಗೆ ಕೊಳೆಯಿತು. ಕುಂಡದ ತೂತು ಕಟ್ಟಿಕೊಂಡಿದ್ದನ್ನು ನಾನು ನೋಡಿರಲಿಲ್ಲ. ಅಂಗಡಿಯ ಎರಡು ಮಾತ್ರ ಅಬ್ಬರಿಸಿವೆ! ಮಾರ್ಚ್‌ನಲ್ಲಿ ನಾಲ್ಕು ಇಂಚು ಬಿಟ್ಟು ಕತ್ತರಿಸಿದ್ದೆ. ಈಗ ಬುಡದಿಂದ ಹನ್ನೊಂದು ಮರಿ. ಸೇವಂತಿಗೆ ರಾತ್ರಿ ಉದ್ದವಾದಾಗ ಹೂ ಬಿಡುವ ಗಿಡ. ಫೆಬ್ರವರಿಯಲ್ಲಿ ಅದಕ್ಕೆ ರೋಗ ಬಂದಿರಲಿಲ್ಲ, ಸೀಸನ್ ಮುಗಿದಿತ್ತು ಅಷ್ಟೆ. ಅಂಗಡಿಯವರಿಗೆ ಹೂವಿಲ್ಲದ ಗಿಡ ಕಸ. ರಿಯಾಯಿತಿಯಲ್ಲಿ ನಾನು ಇನ್ನು ಕೊಳ್ಳುವುದು ಇಂಥದ್ದನ್ನೇ. ಹೂ ಬಾಡಿದೆಯೋ ಎಲೆ ಬಾಡಿದೆಯೋ ನೋಡಬೇಕು. ಎಲೆಸಂದಿಯಲ್ಲಿ ಬಿಳಿ ಕಂಡರೆ ಸುಮ್ನೆ ಕೊಟ್ಟರೂ ಬೇಡ.

ಆಗಸ್ಟ್ 16

ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಿಂದ ಈಗಷ್ಟೇ ಬಂದೆ. ಅಲ್ಲಿ ಏನೂ ಕೊಳ್ಳಲಿಲ್ಲ. (ಸುಳ್ಳು. ಒಂದು ಬ್ರಹ್ಮಕಮಲ.) ಈಗ ಲೆಕ್ಕ.

ಅಂಗಡಿ: ಗಿಡ 571, ಬೇವಿನ ಎಣ್ಣೆ 180, ತಿಗಣೆ ಒರೆಸಲು ಸ್ಪಿರಿಟ್ ಮತ್ತು ಹತ್ತಿ 60. ಒಟ್ಟು 811. ಉಳಿದದ್ದು ನಾಲ್ಕು. ಪೀಸ್ ಲಿಲಿಯನ್ನು ಬದುಕಿದೆ ಅನ್ನಬಹುದಾದರೆ.

ನರ್ಸರಿ: ಗಿಡ 700, ಮಣ್ಣು, ಗೊಬ್ಬರಕ್ಕೆ 120. ಒಟ್ಟು 820. ಉಳಿದದ್ದು ನಾಲ್ಕು.

ಮಣ್ಣು ಹತ್ತೂ ಗಿಡಕ್ಕೆ ಹೋಗಿದೆ, ಆದರೂ ನರ್ಸರಿಯ ಲೆಕ್ಕಕ್ಕೇ ಬರೆದೆ. ಅತ್ತೆಗೆ ತೋರಿಸಿದೆ. “ದಾಸವಾಳಕ್ಕೆ ಎಷ್ಟು ಹಾಕಿದ್ದೀಯ?” ಅಂತ ಕೇಳಿದರು. ಹಾಕಿರಲಿಲ್ಲ. ಮೇ ತಿಂಗಳಿಂದ ದೇವರಿಗೆ ಹೂ ಕೊಂಡೇ ತರುತ್ತಿದ್ದೇವೆ. ಈ ವಾರ ಅದರಲ್ಲಿ ಮೂರು ಮೊಗ್ಗು ಬಂದಿವೆ.

ಕನಕಾಂಬರದ ಕಡ್ಡಿಗಳಲ್ಲಿ ಒಂದು ಬೇರು ಬಿಟ್ಟಿತು. ಅದನ್ನು ಯಾವ ಲೆಕ್ಕಕ್ಕೂ ಬರೆದಿಲ್ಲ.

ಸೇವಂತಿಗೆಯ ತುದಿ ಚಿವುಟುವುದನ್ನು ಈ ತಿಂಗಳ ಕೊನೆಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಮೊಗ್ಗು ತಡವಾಗುತ್ತದೆ. ಹನ್ನೊಂದು ಮರಿಗಳಲ್ಲಿ ನಾಲ್ಕನ್ನು ಸಿದ್ದಾಪುರಕ್ಕೆ ಕೊಡುತ್ತೇನೆ ಅಂತ ಹೇಳಿ ಬಂದಿದ್ದೇನೆ. “ಹಿಟ್ಟು ತಿಗಣೆ ಇಲ್ಲ ತಾನೇ?” ಅಂತ ಮೊದಲೇ ಕೇಳಿದ್ದಾರೆ.