‘ಡೇಟಾ ಇಲ್ಲ’ ಅಂದದ್ದು ಯಾವ ಸರ್ವರ್?

ಸರ್ವರ್ ಸತ್ತುಬಿದ್ದರೆ ನನಗೆ ಅಷ್ಟು ಚಿಂತೆಯಿಲ್ಲ. ಟೈಮ್‌ಔಟ್ ಆಗುತ್ತದೆ, ಅಲರ್ಟ್ ಬರುತ್ತದೆ, ಎದ್ದು ನೋಡುತ್ತೇವೆ. ಯಾರೂ ಬಳಸಬಾರದ ಹಳೇ ಸರ್ವರ್ ಇನ್ನೂ ಬದುಕಿದ್ದು, ಕೇಳಿದ್ದಕ್ಕೆಲ್ಲ ಮರ್ಯಾದೆಯಿಂದ ಉತ್ತರ ಕೊಡುತ್ತಿದ್ದರೆ ಅದು ನಿಜವಾದ ತಲೆನೋವು.

ಭೂಕಂಪ ಅಧ್ಯಯನದ ಒಂದು ತಂಡಕ್ಕೆ ವೇವ್‌ಫಾರ್ಮ್ (ನೆಲದ ಕಂಪನದ ದಾಖಲೆ) ಇಳಿಸಿಕೊಡುವ ಪೈಪ್‌ಲೈನ್, ಅಂದರೆ ತಾನಾಗಿ ಓಡುವ ಪ್ರೋಗ್ರಾಮ್‌ಗಳ ಸರಣಿ, ನೋಡಿಕೊಳ್ಳುವುದು ನನ್ನ ಕೆಲಸ. 2025ರ ಮಾರ್ಚ್ 28, ಶುಕ್ರವಾರ. ಮ್ಯಾನ್ಮಾರ್‌ನಲ್ಲಿ 7.7ರ ಭೂಕಂಪ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 11:50. ಬ್ಯಾಂಕಾಕ್‌ನಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದ ವಿಡಿಯೋ ಆಗಲೇ ಎಲ್ಲರ ಫೋನಿಗೂ ಬಂದಿತ್ತು. ನಮ್ಮ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: “ಆ ಭಾಗದ ಸ್ಟೇಷನ್‌ಗಳ ರೆಕಾರ್ಡ್ ಎಲ್ಲಿ?”

ದೂರದ ಸ್ಟೇಷನ್‌ಗಳೆಲ್ಲ ಬಂದಿದ್ದವು. ಹತ್ತಿರದವು ಕೆಲವು ಪೂರ್ತಿ ಖಾಲಿ. ಲಾಗ್ ತೆರೆದರೆ ಸಾಲಾಗಿ 204. ಎಫ್‌ಡಿಎಸ್‌ಎನ್ (ಭೂಕಂಪ ಮಾಪನ ಜಾಲಗಳ ಅಂತರರಾಷ್ಟ್ರೀಯ ಒಕ್ಕೂಟ) ಮಾದರಿಯ ಡೇಟಾ ಸೇವೆಗಳಲ್ಲಿ 204 ಎಂಬ ಉತ್ತರ ಎರರ್ ಅಲ್ಲ. ನೀವು ಕೇಳಿದ್ದು ಸರಿ, ಕೊಡಲು ಡೇಟಾ ಇಲ್ಲ, ಅಷ್ಟೇ. ಹಾಗಾಗಿ ಪೈಪ್‌ಲೈನ್ ‘ಗ್ಯಾಪ್’ ಎಂದು ಬರೆದುಕೊಂಡು ಮುಂದಕ್ಕೆ ಹೋಗಿತ್ತು.

ದೊಡ್ಡ ಭೂಕಂಪವಾದಾಗ ಹತ್ತಿರದ ಸ್ಟೇಷನ್ ಮೌನವಾಗುವುದು ಹೊಸದೇನಲ್ಲ. ಕರೆಂಟ್ ಹೋಗುತ್ತದೆ, ಡೇಟಾ ಕಳಿಸುವ ಲಿಂಕ್ ಕಡಿಯುತ್ತದೆ. “ಟೆಲಿಮೆಟ್ರಿ ಹೋಗಿದೆ ಮೇಡಂ, ಲಿಂಕ್ ವಾಪಸ್ ಬಂದಮೇಲೆ ಬಿಟ್ಟುಹೋದದ್ದು ಬ್ಯಾಕ್‌ಫಿಲ್ ಆಗುತ್ತೆ” ಎಂದು ಹೇಳಿದೆವು. ಮೇಡಂ ಸ್ಕ್ರೀನ್ ಕಡೆ ಬೆರಳು ತೋರಿಸಿದರು. “ಅಲ್ರೀ, ಭೂಮಿ ನಡುಗಿ ಸ್ಟೇಷನ್ ಹೋಗಿದ್ದರೆ, ನಡುಗೋದಕ್ಕೆ ಮುಂಚಿನ ಗೆರೆ ಇರಬೇಕಲ್ವಾ? ಬೆಳಿಗ್ಗೆ ಹತ್ತು ಗಂಟೆ ಹೊತ್ತಿನ ನಾಯ್ಸ್, ನೆಲದ ಮಾಮೂಲಿ ಸಣ್ಣ ಕಂಪನ, ಎಲ್ಲಿ?”

ಅದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಅಷ್ಟರಲ್ಲಿ ಹೊಸದಾಗಿ ಸೇರಿದ್ದ ಹುಡುಗಿ ತನ್ನ ಲ್ಯಾಪ್‌ಟಾಪ್‌ನಲ್ಲಿ ಆಬ್ಸ್‌ಪೈ (ಭೂಕಂಪ ಡೇಟಾಕ್ಕೆಂದೇ ಇರುವ ಪೈಥಾನ್ ಪ್ಯಾಕೇಜ್) ತೆರೆದು ಅದೇ ಸ್ಟೇಷನ್, ಅದೇ ಚಾನೆಲ್, ಅದೇ ಸಮಯ ಕೇಳಿದಳು. ಡೇಟಾ ಬಂತು. ನಮ್ಮ ಸರ್ವರ್‌ನಿಂದ ಕೇಳಿದರೆ 204. ಮುಂದಿನ ಸ್ವಲ್ಪ ಹೊತ್ತು ಎಲ್ಲರೂ ಒಟ್ಟಿಗೆ ಮಾತಾಡಿದರು. ಫೈರ್‌ವಾಲ್ ಅಂದರು, ಪ್ರಾಕ್ಸಿ ಅಂದರು, ಡಿಎನ್‌ಎಸ್ ಅಂದರು. ಸರ್ವಿಸ್ ರೀಸ್ಟಾರ್ಟ್ ಮಾಡಿದೆವು. ಮತ್ತೆ 204. ಮೇಡಂ ಅಲ್ಲೇ ನಿಂತಿದ್ದರು.

ಕೊನೆಗೆ ಸಿಕ್ಕಿದ್ದು ಒಂದು ಜೇಸನ್ ಫೈಲ್. ಯಾವ ಸ್ಟೇಷನ್ನಿನ ಡೇಟಾ ಯಾವ ಡೇಟಾ ಸೆಂಟರ್‌ನಲ್ಲಿದೆ ಎಂದು ಫೆಡ್‌ಕ್ಯಾಟಲಾಗ್ ಅಥವಾ ಐಡಾ ರೌಟಿಂಗ್ ಸರ್ವಿಸ್ ಹೇಳುತ್ತದೆ. ಪ್ರತಿ ಸಲ ಕೇಳಿದರೆ ತಡ. ಅದಕ್ಕೆ ಹಿಂದೆ ಇಲ್ಲಿದ್ದವರೊಬ್ಬರು ಆ ಉತ್ತರವನ್ನು ಡಿಸ್ಕ್ ಮೇಲೆ ಬರೆದಿಟ್ಟಿದ್ದರು. ಆ ದಿನಕ್ಕೆ ಒಳ್ಳೆಯ ಉಪಾಯವೇ. ಆದರೆ ನಮೂದುಗಳಿಗೆ ತಾರೀಖಿಲ್ಲ, ಅವಧಿಯಿಲ್ಲ. ನಡುವೆ ಒಂದು ಡೇಟಾ ಸೆಂಟರ್ ಹೊಸ ವಿಳಾಸಕ್ಕೆ ಹೋಗಿತ್ತು. ಹಳೇ ಸರ್ವರನ್ನು ತೆರೆದೇ ಇಟ್ಟಿತ್ತು. ಹಳೇ ಆರ್ಕೈವ್ ಅಲ್ಲಿ ಪೂರ್ತಿ ಸಿಗುತ್ತಿತ್ತು, ಹೊಸ ಡೇಟಾ ಮಾತ್ರ ಬರುತ್ತಿರಲಿಲ್ಲ. ಮನೆ ಬದಲಿಸಿದವರ ಹಳೇ ಮನೆಯ ಬೆಲ್ ಒತ್ತಿದರೆ ಬಾಗಿಲು ತೆರೆದವರು “ಅವರಿಲ್ಲ” ಅಂತಾರೆ. ಸುಳ್ಳಲ್ಲ. ಅದನ್ನು ಕೇಳಿ ಅವರು ಊರಲ್ಲೇ ಇಲ್ಲ ಅಂದುಕೊಂಡರೆ ತಪ್ಪು ನಮ್ಮದು.

ಫೈಲ್ ಅಳಿಸಿ ಮತ್ತೆ ಓಡಿಸಿದ್ದೇ ತಡ, ಗೆರೆಗಳು ಬಂದವು. ಮೇಡಂ ಏನೂ ಮಾತಾಡದೆ ಪಿಕಿಂಗ್‌ಗೆ, ಅಂದರೆ ಅಲೆಗಳು ಬಂದ ಕ್ಷಣಗಳನ್ನು ಗುರುತಿಸಲು, ಕುಳಿತರು.

ಬೇಜಾರಾಗುವುದು ಇಲ್ಲಿ. ಆ ಸ್ಟೇಷನ್‌ಗಳ ಮುಂದೆ ದಿನದ ವರದಿಯಲ್ಲಿ ವಾರಗಳಿಂದ ಕೆಂಪು ಚೌಕ ಇತ್ತು. ನೋಡಿ ನೋಡಿ ಎಲ್ಲರಿಗೂ ರೂಢಿಯಾಗಿತ್ತು. ಸ್ಟೋರೇಜ್ ಬೇಕೆಂದರೆ ಬಜೆಟ್‌ನಲ್ಲಿ ಜಾಗವಿರುತ್ತದೆ. ಬಿಟ್ಟುಹೋದವರ ಸ್ಕ್ರಿಪ್ಟ್ ಯಾರ ಜೊತೆ ಮಾತಾಡುತ್ತಿದೆ ಎಂದು ನೋಡಲು ಅರ್ಧ ದಿನ ಕೇಳಿದರೆ ಯಾವ ಪ್ರಾಜೆಕ್ಟ್‌ಗೆ ಹಾಕಲಿ ಎಂಬ ಪ್ರಶ್ನೆ ಬರುತ್ತದೆ. ಇದೂ ಡೇಟಾ ಕೆಲಸವೇ. ಇದಕ್ಕೂ ಟೈಮ್‌ಶೀಟ್‌ನಲ್ಲಿ ಒಂದು ಸಾಲು ಇರಲೇಬೇಕು.

ಈಗ ಪ್ರತಿ ನಮೂದಿಗೂ ತಾರೀಖಿದೆ, ಹಳತಾದರೆ ತಾನೇ ಬಿದ್ದುಹೋಗುತ್ತದೆ. ಇತ್ತೀಚಿನ ಸಮಯಕ್ಕೆ 204 ಬಂದರೆ ಅದನ್ನು ನಂಬುವ ಮೊದಲು ರೌಟಿಂಗ್ ಅನ್ನು ಇನ್ನೊಮ್ಮೆ ಕೇಳುತ್ತದೆ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಲಾಗ್‌ನ ಸಣ್ಣ ಬದಲಾವಣೆ: 204ರ ಪಕ್ಕದಲ್ಲೇ ಹಾಗೆಂದ ಹೋಸ್ಟ್‌ನ ಹೆಸರು.

ಹುಡುಕುತ್ತಾ ಹೋದಂತೆ ಹಳೇ ವಿಳಾಸ ಇನ್ನೂ ಎಲ್ಲೆಲ್ಲೋ ಸಿಕ್ಕಿತು. ಆಬ್ಸ್‌ಪೈಗೆ ಡೇಟಾ ಸೆಂಟರ್‌ನ ಚಿಕ್ಕ ಹೆಸರು ಕೊಟ್ಟರೆ ಸಾಕು, ಅದರ ವಿಳಾಸ ಪ್ಯಾಕೇಜಿನೊಳಗೇ ಇರುತ್ತದೆ. ಅಂದರೆ ಪ್ಯಾಕೇಜುಗಳ ಆವೃತ್ತಿ ಬದಲಾಗದಂತೆ ಎಂದೋ ಫ್ರೀಜ್ ಮಾಡಿದ ಕಾಂಡಾ ಎನ್ವಿರಾನ್ಮೆಂಟ್‌ನಲ್ಲಿ ಅಂದಿನ ವಿಳಾಸವೇ. 2023ರಲ್ಲಿ ಅಮೆರಿಕದ ಭೂವಿಜ್ಞಾನ ಡೇಟಾ ಸಂಸ್ಥೆಗಳಾದ ಐರಿಸ್ ಮತ್ತು ಯುನಾವ್ಕೊ ಸೇರಿ ಅರ್ಥ್‌ಸ್ಕೋಪ್ ಆದವು. ಅಂಥ ದೊಡ್ಡ ಬದಲಾವಣೆಯ ಹಿಂದೆ ವಿಳಾಸಗಳೂ ಬದಲಾಗುತ್ತವೆ. ಯಾವ ಸೇವೆಗಳು ಲಭ್ಯ ಎಂದು ಆಬ್ಸ್‌ಪೈನ ಕ್ಲೈಂಟ್ ಒಮ್ಮೆ ಕಂಡುಕೊಂಡದ್ದನ್ನು ಪ್ರೋಸೆಸ್ ಸಾಯುವವರೆಗೂ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಸಣ್ಣ ಸ್ಕ್ರಿಪ್ಟ್‌ಗೆ ಅದು ಅನುಕೂಲ, ಹಿನ್ನೆಲೆಯಲ್ಲಿ ತಿಂಗಳುಗಟ್ಟಲೆ ಓಡುವ ಡೀಮನ್‌ಗೆ ಅಲ್ಲ. ಜಾವಾ ಪ್ರೋಗ್ರಾಮ್‌ಗಳನ್ನು ಓಡಿಸುವ ಜೆವಿಎಂ, ಡಿಎನ್‌ಎಸ್ (ಹೋಸ್ಟ್ ಹೆಸರಿಗೆ ಐಪಿ ವಿಳಾಸ ಹೇಳುವ ವ್ಯವಸ್ಥೆ) ಕೊಟ್ಟ ಉತ್ತರವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಕೆಲವು ಸೆಟ್ಟಿಂಗ್‌ಗಳಲ್ಲಿ ರೀಸ್ಟಾರ್ಟ್ ಆಗುವವರೆಗೂ ಬಿಡುವುದಿಲ್ಲ. ಫೈರ್‌ವಾಲ್ ಅನುಮತಿಗಾಗಿ ಯಾರೋ ಹೋಸ್ಟ್ಸ್ ಫೈಲ್‌ಗೆ ಐಪಿ ಹಾಕಿ ಮರೆತಿದ್ದರಂತೂ ಡಿಎನ್‌ಎಸ್ ಉತ್ತರದ ಅವಧಿ, ಅಂದರೆ ಟಿಟಿಎಲ್, ಎಷ್ಟಿದ್ದರೇನು?

ಹಳೇ ಲೆಕ್ಕ ಇನ್ನೂ ಮುಗಿದಿಲ್ಲ. ನಮ್ಮ ಡೇಟಾಬೇಸ್‌ನಲ್ಲಿ ‘ಗ್ಯಾಪ್’ ಎಂದು ಬರೆದಿರುವ ದಿನಗಳಲ್ಲಿ ನಿಜವಾದದ್ದು ಯಾವುದು, ಹಳೇ ಸರ್ವರ್ ಹೇಳಿದ್ದು ಯಾವುದು ಎಂದು ಬೇರೆ ಮಾಡಲು ದಾರಿಯಿಲ್ಲ, ಆಗಿನ ಲಾಗ್‌ನಲ್ಲಿ ಹೋಸ್ಟ್ ಹೆಸರೇ ಇಲ್ಲ. ಒಬ್ಬ ವಿದ್ಯಾರ್ಥಿಯ ನಾಯ್ಸ್ ಅಧ್ಯಯನ ಅದೇ ದಿನಗಳ ಮೇಲೆ ನಿಂತಿದೆ. ಆದ್ದರಿಂದ ಅಷ್ಟೂ ದಿನಗಳನ್ನು ಮತ್ತೆ ಕೇಳುತ್ತಿದ್ದೇವೆ. ಡೇಟಾ ಸೆಂಟರ್‌ಗೆ ಹೊರೆಯಾಗದಂತೆ ರಾತ್ರಿ ಹೊತ್ತು, ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಓಡಿಸುವ ಕ್ರಾನ್‌ನಲ್ಲಿ, ನಿಧಾನವಾಗಿ.