ಲಿಂಗಪೂಜೆ: ಎಷ್ಟು ಹೊತ್ತು, ದಿನಕ್ಕೆ ಎಷ್ಟು ಸಲ

ಮೈಮೇಲೆ ಧರಿಸುವ ಇಷ್ಟಲಿಂಗದ ದೀಕ್ಷೆಯಾದ ಹೊಸದರಲ್ಲಿ ಎಲ್ಲರೂ ಕೇಳುವುದು ಇದನ್ನೇ: ದಿನಾ ಎಷ್ಟು ಹೊತ್ತು ಪೂಜೆಗೆ ಕೂಡಬೇಕು? ಬಾಗಲಕೋಟೆ, ವಿಜಯಪುರದ ಕಡೆ ಹಿರಿಯರು ‘ತ್ರಿಕಾಲ ಪೂಜಿ ಮಾಡಬೇಕಪಾ’ ಅನ್ನುತ್ತಾರೆ. ಮುಂಜಾನೆ, ಮಧ್ಯಾಹ್ನ, ಸಂಜೆ, ಮೂರೂ ಹೊತ್ತು ಊಟಕ್ಕೆ ಮೊದಲು. ಮಠದಲ್ಲಿರುವವರಿಗೆ ಅದು ಸರಿ. ಬನಹಟ್ಟಿಯಲ್ಲಿ ಮಗ್ಗದ ಮುಂದೆ ನಿಲ್ಲುವವರಿಗೆ, ಮುಧೋಳ ಸೀಮೆಯಲ್ಲಿ ನಸುಕಿಗೇ ಕಬ್ಬು ಕಡಿಯಲು ಹೋಗುವವರಿಗೆ ಅದೇ ಅಳತೆ ಹೇಳಿದರೆ ಎಂಟು ದಿನ ಮಾಡಿ ಕೈಬಿಡುತ್ತಾರೆ. ಆಮೇಲೆ ಲಿಂಗ ಕರಡಿಗೆಯಿಂದ (ಅದನ್ನಿಡುವ ಪುಟ್ಟ ಡಬ್ಬಿಯಿಂದ) ಹೊರಗೆ ಬರುವುದು ಶಿವರಾತ್ರಿಗೆ ಮಾತ್ರ.

ಆದ್ದರಿಂದ ಅಳತೆಯನ್ನು ನಿಮ್ಮ ಅತಿ ಗಡಿಬಿಡಿಯ ದಿನದಿಂದ ತೆಗೆಯಿರಿ. ಆ ದಿನವೂ ತಪ್ಪದೆ ಆಗುವಷ್ಟು ಹೊತ್ತೇ ನಿಮ್ಮ ನೇಮ. ದುಡಿಯುವ ಬಹಳ ಮಂದಿಗೆ ಮುಂಜಾನೆ 20 ನಿಮಿಷ, ಸಂಜೆ 5 ನಿಮಿಷ ಸಾಧ್ಯ. ಅಷ್ಟೂ ಆಗದವರು 8 ನಿಮಿಷ ಹಿಡಿಯಲಿ, ಆದರೆ ದಿನಾ ಹಿಡಿಯಲಿ.

ಆ 20 ನಿಮಿಷ ಎಲ್ಲಿ ಹೋಗುತ್ತದೆ ಎಂಬುದು ಗೊತ್ತಿರಬೇಕು. ಜಳಕ ಮುಗಿಸಿ ಕೂತ ಮೇಲೆ ವಿಭೂತಿಗೆ 2 ನಿಮಿಷ. ವಿಭೂತಿ ಗಟ್ಟಿಗೆ ನಾಲ್ಕಾರು ಹನಿ ನೀರು ಸಾಕು. ಮೂರು ಬೆರಳಿಂದ ಎಳೆದಾಗ ಪಟ್ಟಿ ಮಸುಕಾಗಿ ಕಾಣುತ್ತದೆ, ಒಣಗಿದ ಮೇಲೆ ತಾನೇ ಬೆಳ್ಳಗಾಗುತ್ತದೆ. ಕಾಣಲಿಲ್ಲವೆಂದು ಮತ್ತೆ ಮತ್ತೆ ತಿಕ್ಕುವುದರಲ್ಲೇ ಎಷ್ಟೋ ಜನ ಹೊತ್ತು ಕಳೆಯುತ್ತಾರೆ. ಹಣೆ ಕೆರೆತ ಬಂದರೆ ಅದರಲ್ಲಿ ಸುಣ್ಣದ ಪುಡಿ ಬೆರೆತಿರಬಹುದು, ಗಟ್ಟಿ ಬದಲಿಸಿ. ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಗೆ ಹಾನಗಲ್ ಕುಮಾರ ಸ್ವಾಮಿಗಳು 1909ರಲ್ಲಿ ಕಟ್ಟಿದ ಶಿವಯೋಗಮಂದಿರದಲ್ಲಿ ಸಗಣಿ ಸುಟ್ಟು ಮಾಡುವ ವಿಭೂತಿ ನಮ್ಮ ಕಡೆ ಹೆಸರುವಾಸಿ.

ಆಮೇಲೆ ಲಿಂಗವನ್ನು ಎಡಗೈ ಅಂಗೈಯಲ್ಲಿ ಇಟ್ಟು ಅಗ್ಘವಣಿ (ಪೂಜೆಯ ನೀರು), ವಿಭೂತಿ, ಪತ್ರೆ (ಬಿಲ್ವದೆಲೆ), ಹೂ. ಇದಕ್ಕೆ 3 ನಿಮಿಷ. ಕೈ ಕೆಳಗೆ ಒಂದು ತಾಟು ಇರಲಿ. ನೀರು ಸಣ್ಣ ಚಮಚದಲ್ಲಿ ಮೂರು ನಾಲ್ಕು ಸಲ, ತಣ್ಣಗಿನದು ಅಥವಾ ಉಗುರುಬೆಚ್ಚಗಿನದು. ಲಿಂಗದ ಮೇಲಿನ ಕರಿ ಹೊದಿಕೆ ಬೂದಿ ಮತ್ತು ಎಣ್ಣೆ ಸೇರಿಸಿ ಕಟ್ಟಿದ್ದು. ಬಿಸಿನೀರು ಸುರಿದು, ಬಟ್ಟೆಯಿಂದ ಗಸಗಸ ತಿಕ್ಕಿದರೆ ಅದು ಮಂಕಾಗಿ ಪದರು ಏಳುತ್ತದೆ. ಹೊಳಪು ಹೋದರೆ ಮುಂದಿನ ಹಂತವೇ ಕೆಡುತ್ತದೆ, ಅದಕ್ಕೇ ಇಷ್ಟು ಹೇಳಿದ್ದು. ಪತ್ರೆ ಒಂದು ದಳ ಸಾಕು. ಬೇಸಿಗೆಯಲ್ಲಿ ಪತ್ರೆ ಸಿಗದಿದ್ದರೆ ನಿನ್ನೆಯದನ್ನೇ ತೊಳೆದು ಏರಿಸಿ.

ಮುಂದಿನದು ದೃಷ್ಟಿಯೋಗ, ಅಂದರೆ ಲಿಂಗವನ್ನೇ ನೆಟ್ಟ ನೋಟದಿಂದ ನೋಡುವುದು. ಲಿಂಗಪೂಜೆಯ ಜೀವ ಇದರಲ್ಲಿದೆ, ಜನ ಕಡಿಮೆ ಮಾಡುವುದೂ ಇದನ್ನೇ. ಅಂಗೈಯ ಲಿಂಗವನ್ನು ಎದೆಯ ಮಟ್ಟಕ್ಕಿಂತ ತುಸು ಮೇಲೆ, ಕಣ್ಣಿಂದ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ ಹಿಡಿಯಬೇಕು. ದೀಪ ಲಿಂಗದ ಹೊಳಪಿನ ಮೇಲೆ ಒಂದೇ ಬೆಳಕಿನ ಚುಕ್ಕೆಯಾಗಿ ಕಾಣುವಂತೆ ಅದನ್ನು ಒಂದು ಪಕ್ಕಕ್ಕೆ, ತುಸು ಎತ್ತರಕ್ಕೆ ಸರಿಸಿ. ಕುಸುಬಿ ಎಣ್ಣೆಯ ಒಂದೇ ಬತ್ತಿ ಸಾಕು. ಮೇಲೆ ಟ್ಯೂಬ್‌ಲೈಟ್ ಹತ್ತಿದ್ದರೆ ಮೂರು ನಾಲ್ಕು ಗೆರೆ ಮೂಡಿ ನೋಟ ಹರಿದುಹೋಗುತ್ತದೆ, ಆರಿಸಿಬಿಡಿ. ಫ್ಯಾನ್ ಗಾಳಿಗೆ ದೀಪ ಅಲುಗಾಡಿದರೆ ಚುಕ್ಕೆಯೂ ಅಲುಗಾಡುತ್ತದೆ, ಕಣ್ಣೂ ಒಣಗುತ್ತದೆ.

ಮೊದಲ ವಾರ 1 ನಿಮಿಷಕ್ಕಿಂತ ಹೆಚ್ಚು ಬೇಡ. ರೆಪ್ಪೆ ಬಡಿಯದೆ ನೋಡಬೇಕೆಂಬುದು ನಿಜ, ಆದರೆ ಕಣ್ಣು ಉರಿಯುತ್ತಿದ್ದರೂ ಹಟ ಹಿಡಿದು ನೋಡಿದರೆ ನೀರು ಸುರಿದು ನಾಳೆ ಕೂಡುವ ಮನಸ್ಸೇ ಹೋಗುತ್ತದೆ. ನೀರು ಬಂದ ಕೂಡಲೇ ಕಣ್ಣು ಮುಚ್ಚಿ, ಮುಚ್ಚಿದ ಕಣ್ಣಲ್ಲಿ ಉಳಿದ ಆ ರೂಪವನ್ನೇ ನೋಡುತ್ತ ಇರಿ, ಅದು ಮಾಸಿದ ಮೇಲೆ ತೆರೆಯಿರಿ. ವಾರಕ್ಕೆ ಒಂದು ನಿಮಿಷದಂತೆ ಏರಿಸುತ್ತ 5 ನಿಮಿಷಕ್ಕೆ ಬಂದು ನಿಲ್ಲಿ. ನಲವತ್ತೈದು ದಾಟಿದವರಿಗೆ ಲಿಂಗ ಮಸುಕಾಗಿ ಕಾಣುವುದು ಚಾಳೀಸಿನಿಂದ. ಅವರು ಕನ್ನಡಕ ಹಾಕಿಕೊಂಡೇ ಕೂಡಲಿ, ಅಥವಾ ಕೈಯನ್ನು ತುಸು ದೂರ ಹಿಡಿಯಲಿ. ಕಣ್ಣಿನ ಆಪರೇಷನ್ ಆದವರು ಡಾಕ್ಟರನ್ನು ಕೇಳಿ ಶುರು ಮಾಡಬೇಕು.

ಎರಡು ಮೂರು ನಿಮಿಷಕ್ಕೆ ಎಡಗೈ ನಡುಗತೊಡಗುತ್ತದೆ. ಅದು ಏಕಾಗ್ರತೆಯ ಕೊರತೆಯಲ್ಲ, ತೋಳಿನ ದಣಿವು. ಮೊಣಕೈಯನ್ನು ಪಕ್ಕೆಗೆ ಆನಿಸಿ, ಬಲಗೈಯನ್ನು ಕೆಳಗೆ ಆಸರೆಗೆ ಕೊಡಿ. ಮೊಣಕಾಲು ನೋವಿದ್ದವರು ಕುರ್ಚಿಯ ಮೇಲೆ ಕೂತರೆ ಪೂಜೆಗೆ ಯಾವ ಕುಂದೂ ಇಲ್ಲ.

ಜಪದ ಲೆಕ್ಕ ಸುಲಭ. ‘ಓಂ ನಮಃ ಶಿವಾಯ’ ಸ್ಪಷ್ಟವಾಗಿ ಹೇಳಲು ಸುಮಾರು 3 ಸೆಕೆಂಡು, 108ಕ್ಕೆ ಐದೂವರೆ ನಿಮಿಷ. ‘ಓಂ ಶ್ರೀ ಗುರುಬಸವಲಿಂಗಾಯ ನಮಃ’ ಹೇಳುವವರಿಗೆ 7 ನಿಮಿಷದ ಮೇಲಾಗುತ್ತದೆ. 3 ನಿಮಿಷದಲ್ಲೇ ಮಾಲೆ ಮುಗಿದರೆ ಅಕ್ಷರ ನುಂಗುತ್ತಿದ್ದೀರಿ ಎಂದರ್ಥ. ಅಂಥವರು 108ರ ಬದಲು 27 ಮಣಿಯ ಮಾಲೆ ಹಿಡಿದು ನಿಧಾನವಾಗಿ ಹೇಳಲಿ. ಜಪದ ನಂತರ 3-4 ನಿಮಿಷ ಏನೂ ಮಾಡದೆ ಕೂಡುವುದನ್ನು ಬಿಡಬೇಡಿ. ಹೊತ್ತು ಕಡಿಮೆಯಾದಾಗ ಹೂ, ಊದಿನಕಡ್ಡಿ ಕಡಿಮೆ ಮಾಡಿ, ಈ ಮೌನವನ್ನಲ್ಲ.

ದಿನಕ್ಕೆ ಎಷ್ಟು ಸಲ ಎಂಬುದಕ್ಕೆ ಶರಣರಲ್ಲಿ ಒಂದೇ ಉತ್ತರವಿಲ್ಲ. ಹೊತ್ತಾರೆ ಎದ್ದು ಅಗ್ಘವಣಿ ಪತ್ರೆ ತಂದು, ಹೊತ್ತು ಹೋಗುವ ಮುನ್ನ ಪೂಜಿಸು ಎನ್ನುತ್ತಾರೆ ಬಸವಣ್ಣನವರು. ಅಲ್ಲಮಪ್ರಭು ಹೊತ್ತಾರೆಯೂ ಬೇಡ, ಬೈಗೂ (ಸಂಜೆಯೂ) ಬೇಡ, ಇರುಳು ಹಗಲನ್ನೇ ಕಳೆದು ಪೂಜಿಸಬೇಕು ಎನ್ನುತ್ತಾರೆ. ಕಾಯಕದಲ್ಲಿ ನಿರತನಾದಾಗ ಲಿಂಗಪೂಜೆಯನ್ನೂ ಮರೆಯಬೇಕು ಎಂದವರು ಬಿದ್ದ ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡಿದ್ದ ಆಯ್ದಕ್ಕಿ ಮಾರಯ್ಯ. ಅಲ್ಲಮರ ಮಾತನ್ನು ಪೂಜೆ ಬಿಡಲು ನೆಪ ಮಾಡಿಕೊಳ್ಳುವುದು ನಮಗೆ ಒಪ್ಪಿಗೆಯಿಲ್ಲ. ದಿನಾ ಎರಡು ಹೊತ್ತು ತಪ್ಪದೆ ಕೂತು ಪಳಗಿದವರಿಗೆ ಆ ಮಾತು ತಾನಾಗಿ ತಿಳಿಯುತ್ತದೆ. ಮಾರಯ್ಯನ ಮಾತು ಮಾತ್ರ ಇಂದೇ ಬಳಕೆಗೆ ಬರುತ್ತದೆ: ಮಧ್ಯಾಹ್ನ ಕೆಲಸದ ನಡುವೆ ಮೂರನೆಯ ಪೂಜೆ ಆಗಲಿಲ್ಲವೆಂದು ಕೊರಗಬೇಡಿ. ಉಣ್ಣುವ ಮುಂಚೆ ಕರಡಿಗೆಯ ಮೇಲೆ ಕೈಯಿಟ್ಟು, ಲಿಂಗಕ್ಕೆ ಅರ್ಪಿಸಿ ಮೊದಲ ತುತ್ತು ಎತ್ತಿ. ಹತ್ತು ಸೆಕೆಂಡಿನ ಕೆಲಸ, ಹೊಲದ ಬದುವಿನಲ್ಲೂ ಆಗುತ್ತದೆ, ಬಸ್ಸಿನಲ್ಲೂ ಆಗುತ್ತದೆ.

ಸಕ್ಕರೆ ಕಾರ್ಖಾನೆಯಲ್ಲಿ, ಬೆಳಗಾವಿಯ ಫೌಂಡ್ರಿಗಳಲ್ಲಿ ರಾತ್ರಿ ಪಾಳಿ ಮಾಡುವವರು ಗಡಿಯಾರದ ಮುಂಜಾನೆಗೆ ಜೋತು ಬೀಳಬಾರದು. ಪಾಳಿ ಬಿಟ್ಟು ಬಂದು ತೂಕಡಿಸುತ್ತ ಕೂಡುವುದಕ್ಕಿಂತ, ಮಲಗಿ ಎದ್ದು ಜಳಕ ಮಾಡಿದ ಹೊತ್ತೇ ನಿಮಗೆ ಹೊತ್ತಾರೆ. ಪಾಳಿ ಬದಲಾದಾಗಲೂ ‘ಎದ್ದ ಮೇಲೆ, ಊಟಕ್ಕೆ ಮೊದಲು’ ಎಂಬ ಕ್ರಮ ಹಾಗೇ ಇರಲಿ.

ಊಟಕ್ಕೆ ಮೊದಲು ಎನ್ನುವಾಗ ಒಂದು ಎಚ್ಚರ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತಗೊಂಡು ಪೂಜೆಗೆ ಕೂತರೆ ಸಕ್ಕರೆ ಇಳಿದು ಬೆವರು, ನಡುಕ ಬರಬಹುದು. ಪೂಜೆ ಮುಗಿಸಿ ಆಮೇಲೆ ಔಷಧಿ, ಕೂಡಲೇ ನಾಷ್ಟಾ, ಹೀಗೆ ಕ್ರಮ ಇಟ್ಟುಕೊಳ್ಳಿ. ನಡುಕ ಬಂದರೆ ಅಲ್ಲೇ ನಿಲ್ಲಿಸಿ ಬೆಲ್ಲವೋ ಸಕ್ಕರೆಯೋ ತಿನ್ನಿ.

ಹೆಣ್ಣುಮಕ್ಕಳಿಗೆ ತಿಂಗಳಿಗೆ ನಾಲ್ಕೈದು ದಿನ ಪೂಜೆ ಬಿಡಿಸುವ ಮನೆಗಳು ಇನ್ನೂ ಇವೆ. ಜನನ, ಮರಣ, ಜಾತಿ, ಉಚ್ಛಿಷ್ಟ (ಎಂಜಲು), ರಜಸ್ಸು (ಮುಟ್ಟು), ಈ ಐದು ಸೂತಕಗಳು ಲಿಂಗಧಾರಿಗೆ ಇಲ್ಲವೆಂದು ಶರಣರು ಸಾರಿದ್ದಾರೆ. ಮುಟ್ಟಿನ ದಿನವೂ ಲಿಂಗ ಮೈಮೇಲೇ ಇರುತ್ತದೆ. ಅವತ್ತು ಪೂಜೆ ತಪ್ಪಿಸುವುದು ಶರಣಧರ್ಮಕ್ಕೆ ವಿರುದ್ಧ. ಮೈ ನೋವಿದ್ದರೆ ಹೊತ್ತು ಕಡಿಮೆ ಮಾಡಿದರಾಯಿತು.

ಎಲ್ಲಕ್ಕಿಂತ ಹೆಚ್ಚು ನೇಮ ಮುರಿಯುವುದು ಶ್ರಾವಣ ಕಳೆದ ಮೇಲೆ. ಶ್ರಾವಣದಲ್ಲಿ ದಿನಾ ಒಂದೊಂದು ತಾಸು ಕೂತವರು ಭಾದ್ರಪದದ ಹೊತ್ತಿಗೆ ಪೂರ್ತಿ ನಿಲ್ಲಿಸಿರುತ್ತಾರೆ. ದಿನದ ಅಕ್ಕಿಗಿಂತ ಹೆಚ್ಚು ಆಯ್ದು ತಂದ ಮಾರಯ್ಯನಿಗೆ, ಈಸಕ್ಕಿಯಾಸೆ (ಇಷ್ಟು ಅಕ್ಕಿಯ ಆಸೆ) ನಿಮಗೇಕೆ ಎಂದು ಹೆಂಡತಿ ಲಕ್ಕಮ್ಮ ಅದನ್ನು ತಿರುಗಿ ಕಳಿಸಿದ್ದು ಇಲ್ಲಿಗೂ ಹೊಂದುತ್ತದೆ. ಶ್ರಾವಣದಲ್ಲಿ 20ಕ್ಕೆ ಇನ್ನೊಂದು 5 ನಿಮಿಷ ಸೇರಿಸಿ, ಅದು ಭಾದ್ರಪದದಲ್ಲೂ ಉಳಿದರೆ ಇಟ್ಟುಕೊಳ್ಳಿ.

ಮಕ್ಕಳಿಗೆ ಇಷ್ಟೆಲ್ಲ ಬೇಡ. ವಿಭೂತಿ ಹಚ್ಚಿ, ಲಿಂಗ ಕೈಯಲ್ಲಿ ಕೊಟ್ಟು, ಹನ್ನೊಂದು ಸಲ ಮಂತ್ರ ಹೇಳಿಸಿದರೆ ಒಂದು ನಿಮಿಷದ ಒಳಗೇ ಆಗುತ್ತದೆ. ಮಗು ಬೇಸರಪಟ್ಟು ಎದ್ದು ಹೋಗುವ ಮೊದಲೇ ನೀವು ಮುಗಿಸಿ, ಲಿಂಗದ ತೇವ ಒರೆಸಿ ಕರಡಿಗೆಗೆ ಹಾಕಿ ಶಿವದಾರ ಕೊರಳಿಗೆ ಹಾಕಿಬಿಡಿ.